ಸೊನ್ನೆಗೆ ಔಟಾದ ಜಡ್ಜ್ ದೊರೆಯ ಮೂರು ಒಗಟು

ಹಿರೇಗಡ ಜಿಲ್ಲೆಗೆ ಶನಿವಾರ ಮಹಾ ವಿಪತ್ತು ಬಂದೆರಗಿತು: ಜಡ್ಜ್ ಪೆಂಬರ್ಟನ್ ದೊರೆ ಕ್ರಿಕೆಟ್ ಆಟದಲ್ಲಿ ಸೊನ್ನೆಗೆ ಔಟಾದರು. ಕಚೇರಿಯ ಬಾವುಟವನ್ನು ಅರ್ಧಕ್ಕೆ ಇಳಿಸಲಿಲ್ಲ ಎಂಬುದೊಂದೇ ಸಮಾಧಾನ. ಸಂಜೆ ಪೇಟೆಯಲ್ಲಿ ಡಂಗುರ ಹೊಡೆಸಿದರು.

"ಕೇಳ್ರಪ್ಪೋ ಕೇಳ್ರಿ! ದೊರೆಗಳ ಮನಸ್ಸಿಗೆ ಬೇಜಾರಾಗಿದೆ. ಸೋಮವಾರ ಕೋರ್ಟಿನಲ್ಲಿ ಮೂರು ಒಗಟು ಹಾಕ್ತಾರೆ. ಮೂರನ್ನೂ ಬಿಡಿಸಿದವರಿಗೆ ಕೇಳಿದ್ದು ಕೊಡ್ತಾರೆ. ತಪ್ಪಿದವರಿಗೆ ಛಡಿ ಏಟು!"

ದೊರೆಯ ಕುದುರೆ ಉಜ್ಜುತ್ತಿದ್ದ ಗಾಳೆಪ್ಪನ ಕೈ ನಿಂತಿತು. ಅವನ ಅಣ್ಣ ಹುಲುಗಪ್ಪನಿಗೆ ಮಂಗಳವಾರ ಗಲ್ಲು. ಸುಂಕದ ಕಟ್ಟೆಯ ಗಲಾಟೆಯಲ್ಲಿ ಪೇದೆಯೊಬ್ಬ ಸತ್ತಿದ್ದ. ಎಲ್ಲರೂ ಓಡಿದರು, ಹುಲುಗಪ್ಪ ಕುಂಟ, ಸಿಕ್ಕಿಬಿದ್ದ. ಶುಕ್ರವಾರ ವಿಚಾರಣೆ ನಡೆದಷ್ಟು ಹೊತ್ತೂ ದೊರೆ ಕಿಟಕಿಯಾಚೆ ಮೈದಾನಕ್ಕೆ ರೋಲರ್ ಎಳೆಯುವುದನ್ನೇ ನೋಡುತ್ತಿದ್ದರು.

ಸೋಮವಾರ ಕೋರ್ಟು ತುಂಬಿತ್ತು. ರಾವ್ ಬಹದ್ದೂರ್ ಬಿರುದಿನ ಆಸೆಗೆ ವಕೀಲ ಗುರುರಾಜಾಚಾರ್ಯರು ಬಂದಿದ್ದರು, ಸಾರಾಯಿ ಗುತ್ತಿಗೆಯ ಆಸೆಗೆ ಪಂಪಣ್ಣ ಶೆಟ್ಟರು.

"ಲೇ ಗಾಳೆಪ್ಪ, ಇಲ್ಲಿ ಲದ್ದಿ ಬಾಚೋ ಕೆಲಸ ಇಲ್ಲ. ತಲೆ ಬೇಕು" ಎಂದರು ವಕೀಲರು.

"ಅಣ್ಣನ ತಲೆ ಉಳೀಲಿ ಅಂತಲೇ ಬಂದೀನಿ, ಸ್ವಾಮಿ."

ದೊರೆ ಗಂಟಲು ಸರಿಮಾಡಿಕೊಂಡರು. "ಬದುಕಿದ್ದಾಗ ನನ್ನನ್ನು ಕಂಡು ಓಡಿತು. ಈಗ ನನ್ನೆದುರೇ ಇದ್ದು, ರೆಪ್ಪೆ ಬಡಿಯದೆ ನನ್ನ ತೀರ್ಪುಗಳನ್ನೆಲ್ಲ ಕೇಳುತ್ತದೆ. ಏನದು?"

"ನ್ಯಾಯ, ದೊರೆಗಳೇ!" ಎಂದರು ವಕೀಲರು ಕೈಮುಗಿದು. ಹೇಳಿದ್ದರ ಅರ್ಥ ಅವರಿಗೆ ಹೊಳೆದದ್ದು ಛಡಿ ಬೀಳತೊಡಗಿದ ಮೇಲೆ.

"ನಮ್ಮ ಊರಿನ ಜನ" ಎಂದರು ಶೆಟ್ಟರು. ದೊರೆ ಸ್ವಲ್ಪ ಹೊತ್ತು ಯೋಚಿಸಿದರು. ಉತ್ತರ ಹತ್ತಿರ ಬಂದಿದೆ, ಆದರೂ ತಪ್ಪು ಎಂದರು. ಶೆಟ್ಟರನ್ನೂ ಕರೆದೊಯ್ದರು.

ದೊರೆಗೆ ಬೆನ್ನು ತೋರಿಸಬಾರದೆಂಬ ಮರ್ಯಾದೆಗೆ ಇಬ್ಬರೂ ಹಿಂದಿರುಗಿ ನೋಡಿರಲಿಲ್ಲ. ಗಾಳೆಪ್ಪ ತಿರುಗಿ ಬಾಗಿಲ ಮೇಲ್ಗಡೆ ಗೋಡೆಯತ್ತ ಕೈ ತೋರಿಸಿದ. "ಆ ಚಿರತೆ ತಲೆ. ತಾವೇ ಹೊಡೆದದ್ದು."

"ಸರಿ. ಎರಡನೆಯದು. ಎಲ್ಲರ ಕಣ್ಣೆದುರೇ ಬೀಳುತ್ತದೆ. ಆದರೂ ಒಬ್ಬರು ಬಾಯಿಬಿಟ್ಟು ಕೇಳುವವರೆಗೆ ಬಿದ್ದ ಲೆಕ್ಕವಲ್ಲ."

"ತಮ್ಮ ವಿಕೆಟ್ಟು. ಚೆಂಡು ಹೆಕ್ಕೋಕೆ ನಿಂತು ನೋಡ್ತಾನೇ ಬಂದೀನಿ, ಎಷ್ಟೋ ಸಲ ಬಿದ್ದದೆ. ಔಟಾ ಅಂತ ಅಂಪೈರನ್ನ ಕೇಳಿದರೆ ತಾನೇ ಔಟು? ಕೇಳೋ ಎದೆ ಈ ಊರಲ್ಲಿ ಯಾರಿಗಿದೆ? ಮೊನ್ನೆ ಹೊಸ ಕಲೆಕ್ಟರ್ ದೊರೆ ಕೇಳಿಬಿಟ್ಟರು."

ದೊರೆಯ ಮುಖ ಕೆಂಪಾಯಿತು. ಆದರೆ ಅವರು ಆಟಗಾರರು, ಸಿಟ್ಟನ್ನು ನುಂಗಿಕೊಂಡರು.

"ಮೂರನೆಯದು. ನನ್ನ ಚಾಕರನೊಬ್ಬ ಯಾವ ತಪ್ಪೂ ಮಾಡಿಲ್ಲ. ಒಂದೇ ಕೆಲಸ ಮಾಡಿಸಿ ಅಲ್ಲೇ ಅವನ ಮೂತಿ ಮುರಿಯುತ್ತೇನೆ. ಯಾರವನು, ಯಾಕೆ ಮುರಿಯುತ್ತೇನೆ?"

ಶುಕ್ರವಾರ ಅಣ್ಣನ ತೀರ್ಪಿನ ಹೊತ್ತಿಗೆ ಆ ಮುರಿಯುವ ಸದ್ದನ್ನು ಗಾಳೆಪ್ಪ ಕೇಳಿದ್ದ. ಉತ್ತರ ಗೊತ್ತು. ಹೇಳದಿದ್ದರೆ ಅಣ್ಣ ಹೋದ.

"ಪೆನ್ನಿನ ನಿಬ್ಬು, ದೊರೆಗಳೇ. ಗಲ್ಲು ಅಂತ ಬರೆದ ಮೇಲೆ ಮೇಜಿಗೆ ಒತ್ತಿ ಮುರೀತೀರಿ. ಬರೆದದ್ದನ್ನ ಆಮೇಲೆ ತಿದ್ದಬಾರದು ಅಂತ."

"ಭೇಷ್!" ದೊರೆ ಚಪ್ಪಾಳೆ ತಟ್ಟಿದರು. "ಏನು ಬೇಕು, ಕೇಳು."

"ನಮ್ಮಣ್ಣನ ಜೀವ."

ದೊರೆ ನಿಜಕ್ಕೂ ನೊಂದುಕೊಂಡರು. "ಛೆ, ಅದಾಗುವುದಿಲ್ಲ. ಕಾರಣವನ್ನು ಈಗ ನೀನೇ ಹೇಳಿದೆ. ಸರಿಯಾಗಿಯೇ ಹೇಳಿದೆ."

"ಪೇಟೇಲಿ ಹೊಸ ನಿಬ್ಬು ಸಿಗ್ತದೆ, ದೊರೆಗಳೇ. ಓಡಿ ತರ್ತೀನಿ."

ಕೋರ್ಟಿನಲ್ಲಿ ಎಲ್ಲರೂ ನಕ್ಕರು. ಕೊನೆಗೆ ದೊರೆಯೂ ನಕ್ಕರು. ಅವರ ಬೇಜಾರು ಕಳೆದಿತ್ತು.

ಮಂಗಳವಾರ ಬೆಳಿಗ್ಗೆ ಹುಲುಗಪ್ಪನನ್ನು ಗಲ್ಲಿಗೇರಿಸಿದರು. ಗಾಳೆಪ್ಪನಿಗೆ ಕ್ರಿಕೆಟ್ ಕ್ಲಬ್ಬಿನ ಬಿಳಿ ಟೋಪಿಯೊಂದನ್ನು ಬಹುಮಾನವಾಗಿ ಕೊಡಲಾಯಿತು.