ಆರಿದೊಲೆ ಬೋರೆ

ಕೊಂಡ್ಲಗೆರೆಯಿಂದ ಉತ್ತರಕ್ಕೆ ಎರಡು ಹರಿದಾರಿ ನಡೆದರೆ ಎಂಟು ಗುಡ್ಡಗಳ ಸಾಲೊಂದು ಎದುರಾಗುತ್ತದೆ. ಅವುಗಳಲ್ಲಿ ಏಳು ಬೋಳು. ಬಂಡೆ, ಒಣಹುಲ್ಲು, ಅಲ್ಲೊಂದು ಇಲ್ಲೊಂದು ಜಾಲಿಯ ಪೊದೆ ಬಿಟ್ಟರೆ ಅವುಗಳ ಮೈಮೇಲೆ ಬೇರೇನೂ ಇಲ್ಲ. ಎಂಟನೆಯದರ ಮೇಲೆ ಮಾತ್ರ ಬುಡದಿಂದ ನೆತ್ತಿಯವರೆಗೆ ಕಮರದ ಮರಗಳು ನಿಂತಿವೆ. ಎತ್ತಿನ ಗೊರಸಿನಂತೆ ಎರಡಾಗಿ ಸೀಳಿದ ಸಣ್ಣ ಎಲೆ, ಬೂದು ಬಣ್ಣದ ತೊಗಟೆ, ಇಬ್ಬರು ತಬ್ಬಿದರೂ ಕೈಗೆ ಕೈ ಎಟುಕದ ಬುಡ. ಬಿರುಬೇಸಿಗೆಯಲ್ಲೂ ಅಲ್ಲಿ ನೆರಳುಂಟು. ಇಷ್ಟು ಚೆಂದದ ಗುಡ್ಡಕ್ಕೆ ಆರಿದೊಲೆ ಬೋರೆ ಎಂಬ ಹೆಸರು ಕೇಳಿ ಹೊಸಬರು ಹುಬ್ಬುಗಂಟಿಕ್ಕುತ್ತಾರೆ. ನಮ್ಮ ಸೀಮೆಯಲ್ಲಿ ‘ನಿನ್ನ ಒಲೆ ಆರಿಹೋಗಲಿ’ ಎನ್ನುವುದು ಶಾಪ. ಬರಗಾಲದಲ್ಲಿ ಸತ್ತವರ ಊರೋ, ಮನೆತನ ಅಳಿದ ಜಾಗವೋ ಎಂದು ಕೇಳುವವರುಂಟು. ಹಿಂದೊಮ್ಮೆ ಅಳತೆಗೆ ಬಂದಿದ್ದ ಅಧಿಕಾರಿಯೊಬ್ಬರು ಹೆಸರು ಅಶುಭವಾಗಿದೆ, ‘ಹಸಿರುಗಿರಿ’ ಎಂದು ಬರೆದುಕೊಳ್ಳೋಣವೇ ಎಂದು ಕೇಳಿದರಂತೆ. ಬುಡದ ಹಟ್ಟಿಯವರು ಒಪ್ಪಲಿಲ್ಲ. ಈ ಒಲೆ ತಾನಾಗಿ ಆರಿದ್ದಲ್ಲ, ಆರಿಸಿದ್ದು ಎಂದು ಹೇಳಿ ಕಳಿಸಿದರು.

ಹಿಂದೆ ಒಮ್ಮೆ, ಬಿಳಿಗಲ್ಲು ದುರ್ಗದಲ್ಲಿ ಪಾಳೆಯಗಾರರು ಆಳುತ್ತಿದ್ದ ಕಾಲದಲ್ಲಿ, ಎಂಟು ಗುಡ್ಡಗಳೂ ಕಾಡಾಗಿದ್ದವು ಎನ್ನುತ್ತಾರೆ. ಎಂಟನೆಯ ಗುಡ್ಡದ ಬುಡದಲ್ಲಿ ಕಬ್ಬಿಣ ಕರಗಿಸುವವರ ಇಪ್ಪತ್ತು ಮನೆಗಳಿದ್ದವು. ಅವರ ಯಜಮಾನ ಕಾಟಯ್ಯ. ಮಳೆ ಕಳೆದ ಮೇಲೆ ಹಳ್ಳದಲ್ಲಿ ನಿಲ್ಲುವ ಕರಿಮರಳನ್ನು ತೊಳೆದು, ಆಳೆತ್ತರದ ನಾಲ್ಕು ಮಣ್ಣಿನ ಒಲೆಗಳಿಗೆ ಇದ್ದಿಲಿನೊಡನೆ ತುಂಬಿ, ಹಗಲೆಲ್ಲ ತಿದಿ ಒತ್ತಿ ಕಬ್ಬಿಣದ ಗಟ್ಟಿ ತೆಗೆಯುವುದು ಅವರ ಕಸುಬು. ಒಂದು ಹೊರೆ ಕಬ್ಬಿಣಕ್ಕೆ ಹತ್ತು ಹೊರೆ ಇದ್ದಿಲು ಬೇಕು. ಕಾಟಯ್ಯ ಕೆಟ್ಟವನಲ್ಲ, ಕೆಲಸ ಬಲ್ಲವನು, ಆಳುಗಳು ಉಂಡ ಮೇಲೆ ತಾನು ಉಣ್ಣುವವನು. ಆದರೆ ಮರವೆಂದರೆ ಅವನ ಕಣ್ಣಿಗೆ ಇನ್ನೂ ಸುಡದ ಇದ್ದಿಲು, ಅಷ್ಟೆ. ದುರ್ಗಕ್ಕೂ ಮೂಡಣದ ವೈರಿಗಳಿಗೂ ಕದನ ಹತ್ತಿ ಮೂರು ವರ್ಷವಾಗಿತ್ತು. ಭರ್ಜಿ, ಗುಂಡು, ಬಾಗಿಲ ಪಟ್ಟಿ ಎಂದು ಕೇಳಿದಷ್ಟು ಕಬ್ಬಿಣ ಕೊಡುತ್ತ ಕೊಡುತ್ತ ಆ ಮೂರು ವರ್ಷಗಳಲ್ಲಿ ಏಳು ಗುಡ್ಡಗಳು ಒಂದರ ಹಿಂದೊಂದು ಬೋಳಾದವು.

ಎಂಟನೆಯದು ಉಳಿದದ್ದು ಬೈರೋಜನ ದೆಸೆಯಿಂದ. ಬೈರೋಜ ಓಲಗ ಮಾಡುವ ಬಡಗಿ. ಆ ಸೀಮೆಯ ಮದುವೆಗೆ, ದೇವರ ಉತ್ಸವಕ್ಕೆ, ದುರ್ಗದ ನೌಬತ್ತಿಗೆ ಊದುವ ಓಲಗಗಳೆಲ್ಲ ಅವನ ಮನೆತನದವರು ಮರ ಕಡೆಯುವ ತಿರುಗಣೆಯಿಂದ ಬಂದವು. ಓಲಗಕ್ಕೆ ಕಮರದ ತೊಗಟೆಯೂ ಬೇಡ, ಬಿಳಿಯ ಭಾಗವೂ ಬೇಡ. ನಡುವಿನ ಕಪ್ಪು ಚೇಗು ಮಾತ್ರ ಬೇಕು. ಎಳೆಯ ಮರದಲ್ಲಿ ಚೇಗೇ ಇರುವುದಿಲ್ಲ. ನಾಲ್ಕೈದು ತಲೆಮಾರು ಬಿಸಿಲು ಕುಡಿದ ಮರದಲ್ಲಿ ಅದು ತೋಳಿನಷ್ಟು ದಪ್ಪಗಾಗುತ್ತದೆ. ಹಾಗೆ ಸಿಕ್ಕಿದ್ದನ್ನೂ ಕೂಡಲೇ ಕೊರೆಯುವಂತಿಲ್ಲ. ಹಸಿಯದು ನಮ್ಮ ಒಣಗಾಳಿಗೆ ಸೀಳುತ್ತದೆ, ಸ್ವರ ಒಡೆಯುತ್ತದೆ. ಅಟ್ಟದ ಮೇಲಿಟ್ಟು, ಅಡುಗೆಯ ಹೊಗೆ ಕುಡಿಸಿ, ಕಾಯಬೇಕು. ಅಜ್ಜ ಕಡಿದದ್ದನ್ನು ಮೊಮ್ಮಗ ಕೊರೆಯಬೇಕೆಂಬುದು ಆ ಕಸುಬಿನ ಮಾತು. ಹೀಗಾಗಿ ಕಮರ ಬೆಳೆಯುವ ಈ ಗುಡ್ಡದಲ್ಲಿ ತಲೆಮಾರಿಗೊಂದು ಮರ ಕಡಿಯುವುದು, ಮಿಕ್ಕವಕ್ಕೆ ಕೊಡಲಿ ತೋರಿಸದಿರುವುದು ಹಳೆಯ ಕಟ್ಟಳೆಯಾಗಿತ್ತು. ಕಾಟಯ್ಯನೂ ಅದನ್ನು ಮೀರಿರಲಿಲ್ಲ.

ಆ ವರ್ಷ ಪುಷ್ಯಮಾಸದಲ್ಲಿ ದುರ್ಗದಿಂದ ಅಪ್ಪಣೆ ಬಂತು. ವೈರಿಯ ದಂಡು ಹೊರಟಿದೆ, ನಾಲ್ಕೂ ಒಲೆಗಳು ಬಿಡುವಿಲ್ಲದೆ ಉರಿಯಬೇಕು, ಮರವಿಲ್ಲವೆಂಬ ನೆಪ ಹೇಳಕೂಡದು. ಕಾಟಯ್ಯ ಎಂಟನೆಯ ಗುಡ್ಡಕ್ಕೆ ಆಳು ಹತ್ತಿಸಿದ. ಮೊದಲ ದಿನ ಹನ್ನೊಂದು ಮರ ಬಿದ್ದವು. ಸದ್ದು ಕೇಳಿ ಬೈರೋಜ ಬಂದ. ಎಪ್ಪತ್ತು ದಾಟಿದ ಮುದುಕ. ಅಳುತ್ತಾನೆ, ಕಾಲು ಹಿಡಿಯುತ್ತಾನೆ ಎಂದು ಕಾಟಯ್ಯ ಎದೆ ಗಟ್ಟಿ ಮಾಡಿಕೊಂಡು ನಿಂತಿದ್ದ. ಬೈರೋಜ ಅಳಲಿಲ್ಲ. ಬಿದ್ದ ಮರಗಳ ನಡುವೆ ನಡೆದಾಡಿ, ಒಂದರ ಕಡಿದ ಬುಡವನ್ನು ಅಂಗೈಯಿಂದ ಒರೆಸಿ ನೋಡಿ ಇಷ್ಟೇ ಕೇಳಿದ.

“ಕಡಿದದ್ದು ಕಡಿದಾಯ್ತು ಕಾಟಯ್ಯ. ಇದರ ಚೇಗು ಒಂದು ತುಂಡು ನನಗೆ ಕೊಡು. ಮಿಕ್ಕಿದ್ದು ನಿನ್ನ ಒಲೆಗೆ ಒಯ್ಯಿ.”

ಕಾಟಯ್ಯನಿಗೆ ನಾಚಿಕೆಯಾಯಿತು. ತುಂಡು ಮಾಡಿಸಿ, ಮುದುಕ ಹೊರಲಾರನೆಂದು ಒಂದು ಕಡೆಗೆ ತಾನೇ ಹೆಗಲು ಕೊಟ್ಟು, ಆಳೊಬ್ಬನ ಜೊತೆ ಬೈರೋಜನ ಮನೆಗೆ ಸಾಗಿಸಿದ. ಅಟ್ಟದ ಮೇಲಿಡಲು ಏಣಿ ಹತ್ತಿದಾಗ ಅಲ್ಲಿ ಆಗಲೇ ಮೂರು ದಿಮ್ಮಿಗಳಿದ್ದವು, ಹೊಗೆ ಹಿಡಿದು ಕರ್ರಗೆ. ಮೊದಲನೆಯದು ಅರ್ಧ ಮುಗಿದಿತ್ತು. ಅದು ತನ್ನ ಅಜ್ಜ ಕಡಿದದ್ದು, ಈಗ ತಾನು ಕೊರೆಯುತ್ತಿರುವುದು ಅದನ್ನೇ ಎಂದು ಬೈರೋಜ ಕೆಳಗಿನಿಂದ ಹೇಳಿದ. ಎರಡನೆಯದು ಅವನ ಅಪ್ಪನದು. ಬೈರೋಜನ ಮಗ ಕೊರೆಯಬೇಕಾಗಿದ್ದದ್ದು. ಆ ಮಗ ಎರಡು ವರ್ಷದ ಹಿಂದೆ ದುರ್ಗದ ಕೋಟೆಗೋಡೆಯ ಮೇಲೆ ಸತ್ತಿದ್ದ. ಹೆಣ ತಂದವರಲ್ಲಿ ಕಾಟಯ್ಯನೂ ಒಬ್ಬ. ಸತ್ತವನ ಮುಷ್ಟಿಯಲ್ಲಿದ್ದ ಭರ್ಜಿ ತನ್ನ ಒಲೆಯ ಕಬ್ಬಿಣವೆಂದು ಅವನಿಗೆ ಆ ದಿನವೇ ಗುರುತು ಸಿಕ್ಕಿತ್ತು.

“ಮೂರನೇದು?” ಎಂದು ಕಾಟಯ್ಯ ಕೇಳಿದ.

“ಅದು ನಾನು ಕಡಿದದ್ದು. ಮೊಮ್ಮಗನಿಗೆ.”

“ಓಜಪ್ಪ, ನಿನಗೆ ಮೊಮ್ಮಕ್ಕಳಿಲ್ಲವಲ್ಲ.”

“ಇಲ್ಲ.”

“ಮತ್ತೆ ಇವತ್ತು ಹೊತ್ತು ತಂದದ್ದು ಯಾರಿಗೆ?”

ಬೈರೋಜ ಏಣಿಯ ಬುಡ ಹಿಡಿದುಕೊಂಡೇ ಹೇಳಿದ. “ನಮ್ಮಜ್ಜ ಕಡಿಯುವಾಗ ನಾನು ಹುಟ್ಟಿರಲಿಲ್ಲ. ನನ್ನ ಹೆಸರು ಅವನಿಗೇನು ಗೊತ್ತಿತ್ತು? ಯಾರೋ ಒಬ್ಬ ಬರ್ತಾನಪ್ಪ. ಬಂದಾಗ ಮರ ಇರಬೇಕು.” ಆಮೇಲೆ, ಚುಚ್ಚುವ ದನಿಯಲ್ಲದೆ, ನಿಜವಾಗಿ ತಿಳಿಯುವ ಆಸೆಯಿಂದ ಕೇಳಿದ: “ಈ ಗುಡ್ಡ ಮುಗಿದ ಮೇಲೆ ನಿನ್ನ ಮಕ್ಕಳು ಏನು ಸುಡ್ತಾರೆ, ಕಾಟಯ್ಯ?”

ಮರುದಿನ ಬೆಳಗ್ಗೆ ಕಾಟಯ್ಯ ಆಳುಗಳನ್ನು ಕೆಳಗೇ ನಿಲ್ಲಿಸಿ ಒಬ್ಬನೇ ನೆತ್ತಿ ಹತ್ತಿದ. ಅಲ್ಲಿಂದ ಏಳೂ ಬೋಳುಗುಡ್ಡಗಳು ಕಾಣುತ್ತಿದ್ದವು. ಅವುಗಳನ್ನು ಬೋಳಿಸಿದವನು ತಾನೇ ಆದರೂ, ಏಳನ್ನೂ ಒಟ್ಟಿಗೆ ನೋಡಿದ್ದು ಅದೇ ಮೊದಲು. ಕೆಳಗಿನ ಮರಗಳನ್ನು ಕಸುಬಿನ ಕಣ್ಣಿನಿಂದ ಅಳೆದ. ನಾಲ್ಕು ಒಲೆಗೆ ನಲವತ್ತು ದಿನದ ಇದ್ದಿಲು. ಮತ್ತೆ ಅಳೆದ, ನಲವತ್ತೇ ಬಂತು. ನಲವತ್ತೊಂದನೆಯ ದಿನ ಒಲೆ ಹೇಗೂ ಆರುತ್ತದೆ. ಉಳಿಯುವುದು ಒಂದೇ ಪ್ರಶ್ನೆ: ಕಾಡಿರುವಾಗಲೇ ಆರಬೇಕೋ, ಕಾಡು ಮುಗಿದ ಮೇಲೋ.

ಕೆಳಗಿಳಿದು ಹೆಂಡತಿ ಗಾದ್ರವ್ವನಿಗೆ ಹೇಳಿದ. ಅವಳು ಮೊರದಲ್ಲಿ ರಾಗಿ ಕೇರುತ್ತಿದ್ದವಳು ಕೈ ನಿಲ್ಲಿಸಿದಳು.

“ಒಲೆ ಆರಿಸಿದರೆ ಉಣ್ಣೋದೇನು?”

“ನಲವತ್ತು ದಿನ ಆದ ಮೇಲೆ ಉಣ್ಣೋದೇನು?”

ಗಾದ್ರವ್ವ ಮೊರ ಪಕ್ಕಕ್ಕಿಟ್ಟಳು. ಗಂಡನ ಮುಖವನ್ನೇ ನೋಡಿದಳು. ಆಮೇಲೆ ತಾನೇ ಹಳ್ಳಕ್ಕೆ ಹೋಗಿ ಕೊಡ ತುಂಬಿಸಿ ತಂದಳು.

ಕಬ್ಬಿಣದ ಒಲೆಗೆ ನೀರು ಹೊಯ್ಯುವುದು ಆ ಕುಲದಲ್ಲಿ ಹೆತ್ತವಳನ್ನು ಹೊಡೆದಷ್ಟು ಪಾಪ. ಕಾದ ಮಣ್ಣು ತಣ್ಣೀರಿಗೆ ಸೀಳಿದರೆ ಆ ಒಲೆ ಮತ್ತೆ ಕೂಡುವುದಿಲ್ಲ. ತಿದಿ ಒತ್ತುತ್ತಿದ್ದವರು ನೋಡುತ್ತಿರುವಂತೆಯೇ ಕಾಟಯ್ಯ ಹಿರಿಯ ಒಲೆಯ ಬಾಯಿಗೆ ಕೊಡ ಬಗ್ಗಿಸಿದ. ಗುಂಡು ಹಾರಿಸಿದಂಥ ಸದ್ದು ಏಳು ಗುಡ್ಡಕ್ಕೂ ಬಡಿದು ಬಂತಂತೆ. ಮಿಕ್ಕ ಮೂರನ್ನೂ ಹಾಗೆಯೇ ಒಡೆದ. ಅವನ ತಮ್ಮ ಸೂರಯ್ಯ ಓಡಿ ಬಂದು ಕುತ್ತಿಗೆಗೆ ಕೈ ಹಾಕಿದ. “ಇಪ್ಪತ್ತು ಮನೆಯ ಹೊಟ್ಟೆ ಮೇಲೆ ಹೊಡೆದೆಯಲ್ಲೋ ಅಣ್ಣಾ! ಯಾರನ್ನ ಕೇಳಿದೆ?” ಕಾಟಯ್ಯ ಯಾರನ್ನೂ ಕೇಳಿರಲಿಲ್ಲ, ಕೇಳಿದ್ದರೆ ಆಗುತ್ತಿರಲಿಲ್ಲ. ಮೂರನೆಯ ದಿನ ಹದಿನಾರು ಮನೆಗಳವರು ತಿದಿ, ಮಡಕೆ, ಮಕ್ಕಳನ್ನು ಹೊತ್ತು ಸೂರಯ್ಯನ ಹಿಂದೆ ತೆಂಕಲಿಗೆ ಹೊರಟರು. ಕಾಟಯ್ಯ ದಾರಿಯ ಪಕ್ಕದಲ್ಲಿ ಕೈಕಟ್ಟಿ ನಿಂತಿದ್ದ. ತಮ್ಮ ತಿರುಗಿ ನೋಡಲಿಲ್ಲ. ಆ ಮನೆಗಳಿಂದ ಮುಂದೆಂದೂ ಹುಟ್ಟು ಸಾವಿನ ಸುದ್ದಿ ಕೂಡ ಬರಲಿಲ್ಲ ಎನ್ನುತ್ತಾರೆ.

ದುರ್ಗದವರು ಅವನನ್ನು ಕಟ್ಟಿ ಒಯ್ದರು. ವೈರಿ ಬಾಗಿಲಿಗೆ ಬಂದಿರುವಾಗ ಒಲೆ ಆರಿಸಿದೆಯಾ ಎಂದು ಪಾಳೆಯಗಾರ ಗುಡುಗಿದ.

“ನಲವತ್ತು ದಿನದ ಕಬ್ಬಿಣ ಇತ್ತು, ಬುದ್ಧಿ,” ಎಂದ ಕಾಟಯ್ಯ. “ನಲವತ್ತೊಂದನೇ ದಿನಕ್ಕೆ ಕದನ ನಿಲ್ಲುತ್ತೆ ಅಂತ ಯಾರಾದರೂ ಹೇಳಿದ್ದರೆ ಕೊಡ್ತಿದ್ದೆ.”

ತಲೆ ಹಾರಿಸಿದರೆ ಮುಂದೆ ಒಲೆ ಕಟ್ಟಬಲ್ಲವರೇ ಸೀಮೆಯಲ್ಲಿ ಇಲ್ಲವಾಗುತ್ತಾರೆ ಎಂಬುದು ಪಾಳೆಯಗಾರನಿಗೂ ತಿಳಿದಿತ್ತು. ಅವನು ಬೇರೆ ಶಿಕ್ಷೆ ಕೊಟ್ಟ: ಆರಿದ ಒಲೆಯೇ ನಿನಗೆ ಪ್ರಿಯವಾದರೆ ನಿನ್ನ ಮನೆಯ ಒಲೆಯೂ ಇನ್ನು ಉರಿಯಕೂಡದು, ಈ ಸೀಮೆಯಲ್ಲಿ ನಿನಗೆ ಕೆಂಡ ಕೊಟ್ಟವನ ಕೈ ಕಡಿಯುತ್ತೇನೆ. ಬದುಕಿನುದ್ದಕ್ಕೂ ಬೆಂಕಿಯ ಮುಂದೆ ಕೂತವನ ಮನೆಯಲ್ಲಿ ಅಂದಿನಿಂದ ದೀಪದ ಕುಡಿಯೂ ಇಲ್ಲದಾಯಿತು. ನೆನೆಸಿದ ಕಾಳು, ಕಾರೆಹಣ್ಣು, ಜೇನು. ಚಳಿಗೆ ಗಾದ್ರವ್ವನ ಕೆಮ್ಮು ಹೆಚ್ಚಿತು. ಒಂದು ಮಧ್ಯಾಹ್ನ ಬೈರೋಜ ಅಂಗಳಕ್ಕೆ ಬಂದು, ಎಲೆಯಲ್ಲಿ ಸುತ್ತಿದ ಬಿಸಿ ಮುದ್ದೆಗಳನ್ನು ಕಟ್ಟೆಯ ಮೇಲಿಟ್ಟ. ಕಾಟಯ್ಯ ಬೆಚ್ಚಿ, “ಓಜಪ್ಪ, ನಿನ್ನ ಕೈ ಹೋದರೆ ಓಲಗ ಮಾಡೋರು ಯಾರು?” ಎಂದ.

“ಕೆಂಡ ಕೊಡಬಾರದು ಅಂದರು. ಮುದ್ದೆ ಕೊಡಬಾರದು ಅನ್ನಲಿಲ್ಲ. ಉಣ್ಣು,” ಎಂದ ಬೈರೋಜ.

ಅಂದಿನಿಂದ ದಿನವೂ ತಂದ. ಕಾಟಯ್ಯ ಸುಮ್ಮನೆ ಉಣ್ಣಲಾರದೆ ಬೈರೋಜನ ತಿರುಗಣೆಯ ಹಗ್ಗ ಎಳೆಯಲು ಕೂತ. ಎಳೆಯುತ್ತ ನೋಡಿದ, ನೋಡುತ್ತ ಕಲಿತ. ಬೈರೋಜನ ಕೈ ನಡುಗತೊಡಗಿದಾಗ, ಸತ್ತ ಮಗ ಕೊರೆಯಬೇಕಾಗಿದ್ದ ಎರಡನೆಯ ದಿಮ್ಮಿಯನ್ನು ಮುದುಕ ತಾನೇ ಅವನ ಮುಂದೆ ಉರುಳಿಸಿದ. ಕಾಟಯ್ಯ ಅದರಿಂದ ಮಾಡಿದ ಮೊದಲ ಓಲಗ ಸೀಳಿತು. ಎರಡನೆಯದಕ್ಕೆ ದನಿ ಹೊರಡಲಿಲ್ಲ. ಮೂರನೆಯದನ್ನು ಊದಿಸಿ ಕೇಳಿದ ಬೈರೋಜ ಎದ್ದು ಒಳಗೆ ಹೋದ. ಬಾಗಿಲ ಮರೆಯಲ್ಲಿ ಅವನು ಕಣ್ಣೊರೆಸಿಕೊಂಡದ್ದನ್ನು ಗಾದ್ರವ್ವ ಕಂಡಳಂತೆ.

ದುರ್ಗ ಮರುವರ್ಷ ಬಿತ್ತು. ಕಬ್ಬಿಣ ಸಾಲದೆ ಬಿತ್ತೆಂದು ಕೆಲವರು, ಒಳಗಿನವರೇ ಬಾಗಿಲು ತೆಗೆದರೆಂದು ಕೆಲವರು ಹೇಳುತ್ತಾರೆ. ಯಾವುದು ನಿಜವೋ ನನಗೆ ತಿಳಿಯದು. ಆ ಕದನದಲ್ಲಿ ಗಂಡುಮಕ್ಕಳನ್ನು ಕಳೆದುಕೊಂಡ ಮನೆಗಳು ಕಾಟಯ್ಯನನ್ನು ಕಡೆಯವರೆಗೂ ಕ್ಷಮಿಸಲಿಲ್ಲ ಎಂಬುದನ್ನು ಮಾತ್ರ ಮುಚ್ಚಿಡಬಾರದು. ಅವನ ಹೆಸರಿನ ಗುಡಿ ನಮ್ಮಲ್ಲಿ ಇಲ್ಲದಿರುವುದು ಅದಕ್ಕೇ ಇರಬಹುದು. ಪಾಳೆಯಗಾರ ಓಡಿಹೋದ ಸುದ್ದಿ ಬಂದ ದಿನ ಗಾದ್ರವ್ವ ಮನೆಯೊಲೆ ಹಚ್ಚಿ ಅಂಬಲಿ ಕಾಯಿಸಿ, ಮೊದಲ ಬಟ್ಟಲನ್ನು ಬೈರೋಜನಿಗೆ ಕೊಟ್ಟಳು. ಕಬ್ಬಿಣದ ಒಲೆಯನ್ನು ಕಾಟಯ್ಯ ಮತ್ತೆ ಕಟ್ಟಲಿಲ್ಲ. ಮೊದಲ ದಿನ ಬಿದ್ದ ಹನ್ನೊಂದು ಮರಗಳನ್ನು ಸುಡಲೂ ಇಲ್ಲ; ಅವುಗಳ ಚೇಗು ಎಷ್ಟೋ ತಲೆಮಾರಿನ ಓಲಗಗಳಿಗೆ ಸಾಕಾಯಿತು, ಅಷ್ಟು ಕಾಲ ಆ ಗುಡ್ಡದಲ್ಲಿ ಯಾರೂ ಕೊಡಲಿ ಎತ್ತಲಿಲ್ಲ. ಕಾಟಯ್ಯ ತೀರಿದ ಮೇಲೆ ಅವನ ಮಕ್ಕಳು ತಿರುಗಣೆಯ ಕಸುಬನ್ನೇ ಹಿಡಿದರು.

ಇಂದು ಹೋದವರಿಗೆ ಬುಡದಲ್ಲಿ ಹುಲ್ಲು ಬೆಳೆದ ಕಬ್ಬಿಣದ ಕಿಟ್ಟದ ದಿಬ್ಬ ಕಾಣುತ್ತದೆ. ಅದರ ಪಕ್ಕದಲ್ಲಿ ಸೊಂಟದೆತ್ತರ ಉಳಿದ ಒಲೆಯ ಗೋಡೆ, ಮೇಲಿನಿಂದ ಕೆಳಗಿನವರೆಗೆ ಸೀಳಿದ್ದು. ಮೇಲೆ ಹತ್ತುವವರು ಬೀಡಿ, ಬೆಂಕಿಪೊಟ್ಟಣಗಳನ್ನು ಅಲ್ಲಿನ ಚಪ್ಪಡಿಯ ಮೇಲೆ ಬಿಟ್ಟು ಹೋಗಬೇಕು. ಕಾವಲಿನ ದುರುಗಮ್ಮ ಯಾರನ್ನೂ ಬಿಡುವುದಿಲ್ಲ. ಗಾಳಿಗೆ ತಾನಾಗಿ ಬಿದ್ದ ಮರವಿದ್ದರೆ ಮಾತ್ರ ಓಲಗದವರಿಗೆ ಚೇಗು ಸಿಗುತ್ತದೆ. ಹೋದ ಮಾಘದಲ್ಲಿ ನಾನು ಅಲ್ಲಿದ್ದಾಗ ಬಳ್ಳಾರಿ ಕಡೆಯಿಂದ ಹುಚ್ಚೀರಪ್ಪನೆಂಬ ಓಲಗದವನು ಎರಡು ಬಸ್ಸು ಬದಲಿಸಿ ಬಂದಿದ್ದ. ಈ ವರ್ಷ ಯಾವ ಮರವೂ ಬಿದ್ದಿಲ್ಲವೆಂದು ದುರುಗಮ್ಮ ಹೇಳಿದಳು. ಅಷ್ಟು ದೂರದಿಂದ ಬಂದವನಿಗೆ ಬೇಸರವಾಯಿತೇನೋ ಎಂದು ನಾನು ಮುಖ ನೋಡಿದೆ. ಅವನು ನಕ್ಕ. “ನಮ್ಮಜ್ಜ ಬಂದಾಗಲೂ ಇದೇ ಮಾತು ಹೇಳಿ ಕಳಿಸಿದ್ದರಂತೆ ಕಣವ್ವ,” ಎಂದು ದುರುಗಮ್ಮನಿಗೆ ಹೇಳಿ, ದೊಡ್ಡ ಮರವೊಂದರ ಬುಡದಲ್ಲಿ ಕೂತು, ಚೀಲದಿಂದ ತನ್ನ ಹಳೆಯ ಓಲಗ ತೆಗೆದು ಸ್ವಲ್ಪ ಹೊತ್ತು ಊದಿದ. ಮುಗಿದ ಮೇಲೆ ಅದನ್ನು ಬಟ್ಟೆಯಲ್ಲಿ ಸುತ್ತಿಕೊಂಡು, ಬರಿಗೈಯಲ್ಲಿ ಗುಡ್ಡ ಇಳಿದು ಹೋದ.