ಹೊಸ ಮೇಸ್ತ್ರಿ, ಹಳೇ ಮೇಸ್ತ್ರಿ ಮತ್ತು ಸಿದ್ದರಾಜ

ನಗು ಬಂದರೆ ತಡೆದುಕೊಳ್ಳಬೇಡಿ, ನಿದ್ದೆ ಬಂದರೆ ಗೊರಕೆ ಹೊಡೆಯಬೇಡಿ. ಇಷ್ಟಕ್ಕೆ ಒಪ್ಪಿದರೆ ಕತೆ ಹೇಳುತ್ತೇನೆ, ಕೇಳಿ.

ಹೊಳೆಕೊಪ್ಪಲಲ್ಲಿ ಒಂದು ರೇಷ್ಮೆ ಗೂಡಿನ ಮಾರುಕಟ್ಟೆ. ಅಲ್ಲಿನ ಕಂಪ್ಯೂಟರ್ ಕೋಣೆಗೆ ಹೊಂಬಾಳಮ್ಮನೇ ಯಜಮಾನಿ. ಅವಳಿಗೊಬ್ಬನೇ ಮಗ, ಸಿದ್ದರಾಜ. ಮೀಸೆ ಬಂದಿತ್ತು, ಬುದ್ಧಿ ಇನ್ನೂ ದಾರಿಯಲ್ಲಿತ್ತು. ಹೇಳಿದ್ದನ್ನು ಹೇಳಿದ ಹಾಗೇ ಮಾಡುವವನು, ಒಂದು ಕೂದಲೆಳೆ ಹೆಚ್ಚಿಲ್ಲ, ಒಂದು ಕೂದಲೆಳೆ ಕಮ್ಮಿಯಿಲ್ಲ. ಬೇರೆ ಯಾರೂ ಕೆಲಸ ಕೊಡದಿದ್ದಕ್ಕೆ ತಾಯಿಯೇ ತನ್ನ ಕೈಕೆಳಗೆ ಇಟ್ಟುಕೊಂಡಿದ್ದಳು. "ನಿನ್ನ ಹೆರೋ ಬದ್ಲು ಒಂದು ಒಗೆಯೋ ಕಲ್ಲು ಹೆತ್ತಿದ್ರೆ ಬಟ್ಟೆನಾದ್ರೂ ಒಕ್ಕೋಬೋದಿತ್ತು!" ಅಂತ ದಿನಾ ಹಣೆ ಚಚ್ಚಿಕೊಳ್ಳುತ್ತಿದ್ದಳು.

ಅಲ್ಲಿ ಹರಾಜು ನಡೆಯುವುದು ಕಂಪ್ಯೂಟರಿನಲ್ಲಿ. ಹರಾಜಿನ ಸಾಫ್ಟ್‌ವೇರನ್ನು ತುಂಡು ಮಾಡಿ ಡಬ್ಬಿ ಡಬ್ಬಿಯಾಗಿ ಇಟ್ಟಿದ್ದರು. ಬೆಲೆ ಕೂಗುವುದು ಒಂದು ಡಬ್ಬಿ, ತೂಕ ಬರೆಯುವುದು ಒಂದು ಡಬ್ಬಿ. ಬಲ್ಲವರು ಅದನ್ನು ಕಂಟೇನರ್ ಅನ್ನುತ್ತಾರೆ. ಈ ಡಬ್ಬಿಗಳನ್ನು ಎಬ್ಬಿಸಿ, ಕೆಲಸಕ್ಕೆ ಹಚ್ಚಿ, ಬಿದ್ದದ್ದನ್ನು ಎತ್ತಿ ನಿಲ್ಲಿಸುವುದಕ್ಕೆ ಇನ್ನೊಂದು ಸಾಫ್ಟ್‌ವೇರ್. ಅದರ ಹೆಸರು ನನ್ನ ನಾಲಗೆಗೆ ಹೊರಳುವುದಿಲ್ಲ. ಹೊಂಬಾಳಮ್ಮ ಅದನ್ನು ಮೇಸ್ತ್ರಿ ಅನ್ನುತ್ತಿದ್ದಳು, ನಾವೂ ಹಾಗೇ ಅನ್ನೋಣ. ಈ ಮೇಸ್ತ್ರಿಗೆ ಮೂರ್ನಾಲ್ಕು ತಿಂಗಳಿಗೊಂದು ಹೊಸ ವರ್ಷನ್! ಹೋದ ಸಲ ಸಿದ್ದರಾಜ ಹೊಸದನ್ನು ಹಾಕುವುದು ಮರೆತು ಬೈಸಿಕೊಂಡಿದ್ದ. "ಹೊಸದು ಬಂದ ತಕ್ಷಣ ಹಾಕ್ಬೇಕು ಕಣ್ಲಾ!" ಅಂದಿದ್ದಳು ತಾಯಿ.

ಬಂತು! ಹರಾಜು ನಡೆಯುತ್ತಿರುವಾಗಲೇ ಬಂತು. ಸಿದ್ದರಾಜ ತಕ್ಷಣ ಹಾಕಿದ. ಹರಾಜಿನ ಡಬ್ಬಿಗಳು ಹೇಳುವ ಮಾತನ್ನು ಹಳೇ ಮೇಸ್ತ್ರಿ ಕೇಳುತ್ತಿದ್ದ, ಹೊಸ ಮೇಸ್ತ್ರಿ ಕೇಳಲೇ ಇಲ್ಲ. ಬೆಲೆ ಕೂಗುವ ಡಬ್ಬಿ ಮಲಗಿತು. ತೂಕ ಬರೆಯುವ ಡಬ್ಬಿ ಮಲಗಿತು. ಹರಾಜೇ ನಿಂತಿತು! ರೇಷ್ಮೆ ಗೂಡು ಕಾಯುತ್ತದೆಯೇ? ತಡವಾದರೆ ಒಳಗಿನ ಹುಳ ಚಿಟ್ಟೆಯಾಗಿ, ಗೂಡು ತೂತು ಮಾಡಿಕೊಂಡು ಆಚೆ ಬರುತ್ತದೆ. ತೂತು ಬಿದ್ದ ಗೂಡು ನೂಲಿಗೆ ಬರುವುದಿಲ್ಲ. ಹೊಂಬಾಳಮ್ಮ ನಾಲ್ಕೈದು ದಿನ ಹಗಲೂ ರಾತ್ರಿ ಒದ್ದಾಡಿ ಹಳೇ ಮೇಸ್ತ್ರಿಯನ್ನು ವಾಪಸ್ಸು ತರುವ ಹೊತ್ತಿಗೆ ಮಾರುಕಟ್ಟೆ ತುಂಬ ಚಿಟ್ಟೆ. ಅಧ್ಯಕ್ಷ ಮರಿಲಿಂಗೇಗೌಡರ ಬೋಳುತಲೆಯ ಮೇಲೂ ಒಂದು ಕೂತಿತ್ತು.

"ಇನ್ನೊಂದ್ಸಲ ಹಿಂಗಾದ್ರೆ ತಾಯಿ ಮಗ ಇಬ್ರೂ ಮನೇಲಿರಿ!" ಅಂತ ಅಧ್ಯಕ್ಷರು ಗುಡುಗಿದರು. ಹೊಂಬಾಳಮ್ಮ ಮಗನ ಕಿವಿ ಹಿಡಿದು ಆಚೆ ಎಳೆದುಕೊಂಡು ಬಂದಳು. ಇಬ್ಬರ ಅನ್ನವೂ ಆ ಒಂದು ಕೆಲಸದಲ್ಲಿತ್ತು, ಪಾಪ.

"ಅಯ್ಯೋ ಮಂಕುದಿಣ್ಣೆ! ಹೊಸದು ಅಂದ್ರೆ ಹಂಗೇ ಹಾಕ್ಬುಡೋದಾ? ಹರಾಜಿನ ಸಾಫ್ಟ್‌ವೇರ್ ಮಾಡಿದೋರ್ನ ಕೇಳ್ಬೇಕು! ಹೊಂದ್ತದೆ ಅಂದ್ಮೇಲೆ ಹಾಕ್ಬೇಕು!"

"ಆಗ್ಲಿ ಕಣವ್ವ, ಇನ್ಮೇಲೆ ಹಂಗೇ ಮಾಡ್ತೀನಿ."

ಮಾಡಿದ! ತೂಕದ ಹಾಲಿನಲ್ಲಿ ಟ್ಯೂಬ್‌ಲೈಟು ಸುಟ್ಟುಹೋಯಿತು. ತಾಯಿ ಹೊಸದೊಂದು ಕೊಟ್ಟು ಏಣಿ ಹತ್ತಿಸಿದಳು. ಸಿದ್ದರಾಜ ಏಣಿಯ ತುದಿಯಲ್ಲಿ ಕೂತು ಹರಾಜಿನ ಸಾಫ್ಟ್‌ವೇರ್ ಮಾಡಿದ ಮೈಸೂರಿನ ಆಫೀಸಿಗೆ ಫೋನು ಹಚ್ಚಿದ.

"ಅಕ್ಕಾ, ಹೊಸ ಟ್ಯೂಬ್‌ಲೈಟು. ನಿಮ್ಮ ಸಾಫ್ಟ್‌ವೇರ್‌ಗೆ ಹೊಂದ್ತದಾ?"

ಅತ್ತ ಕಡೆಯ ಹುಡುಗಿ ಬೆಪ್ಪಾದಳು. "ವಿಚಾರಿಸಿ ಹೇಳ್ತೀವಿ ಸಾರ್" ಅಂದಳು.

ಅವಳು ವಿಚಾರಿಸುತ್ತಲೇ ಇದ್ದಳು, ಇವನು ಏಣಿಯ ಮೇಲೆ ಕೂತೇ ಇದ್ದ. ಕತ್ತಲಲ್ಲಿ ಯಾರದೋ ಕಾಲು ಯಾರದೋ ಗೂಡಿನ ಬುಟ್ಟಿಯೊಳಗೆ ಹೋಗಿ ಮಾರುಕಟ್ಟೆಯೆಲ್ಲ ರಂಪವಾಯಿತು.

"ನಿನ್ನ ತಲೇಲಿ ಮಿದುಳೈತೋ ಹಿಂಡಿ ಐತೋ! ಇಂಥದ್ಕೆಲ್ಲ ಯಾರ್ನಾರ ಕೇಳ್ತಾರಾ? ಅನುಮಾನ ಇದ್ರೆ ಮೊದ್ಲು ಇನ್ನೆಲ್ಲಾರ ಹಾಕಿ ನೋಡು! ನೆಟ್ಟಗೆ ನಿಂತ್ರೆ ಆಮೇಲೆ ಹಾಕೋ ಕಡೆ ಹಾಕು!"

"ಆಗ್ಲಿ ಕಣವ್ವ, ಇನ್ಮೇಲೆ ಹಂಗೇ ಮಾಡ್ತೀನಿ."

ಮಾಡಿದ! ಮರಿಲಿಂಗೇಗೌಡರ ಹುಟ್ಟುಹಬ್ಬ ಬಂತು. ಎಲ್ಲರೂ ಸೇರಿ ಗಂಧದ ಹಾರ ತರಿಸಿದರು. "ಹಾಕೋಗ್ಲಾ ಅಧ್ಯಕ್ಷರಿಗೆ, ಸಿಟ್ಟಾರ ಇಳೀಲಿ" ಅಂತ ತಾಯಿ ಮಗನ ಕೈಗೇ ಕೊಟ್ಟಳು. ಅಧ್ಯಕ್ಷರು ಕತ್ತು ಬಗ್ಗಿಸಿದರು. ಸಿದ್ದರಾಜ ಅವರನ್ನು ದಾಟಿಕೊಂಡು ಹೋಗಿ, ಗೇಟು ಕಾಯುವ ಪುಟ್ಟಯ್ಯನ ಕೊರಳಿಗೆ ಹಾಕಿದ!

"ಕುಣಿ ಪುಟ್ಟಯ್ಯಣ್ಣ, ಬಗ್ಗು, ಏಳು. ಬೀಳ್ತದಾ? ಇಲ್ಲ! ಸರಿ ಐತೆ!"

ಆಮೇಲೆ ಬೆವರು ಹತ್ತಿದ ಹಾರವನ್ನು ತಂದು ಅಧ್ಯಕ್ಷರಿಗೆ ತೊಡಿಸಿದ. ಅಧ್ಯಕ್ಷರ ಮುಖ ಕೆಂಡವಾಯಿತು. ಹೊಂಬಾಳಮ್ಮನಿಗೆ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು.

"ಹಾರಾನ ಯಾರಾರ ಪರೀಕ್ಷೆ ಮಾಡ್ತಾರೇನ್ಲಾ, ಹೊಟ್ಟೆ ಉರ್ಸೋಕೇ ಹುಟ್ದೋನೇ!" ಅಂದಳು, ಅತ್ತಳು.

ಅಷ್ಟರಲ್ಲಿ ಮೈಸೂರಿನಿಂದ ಫೋನು. ಟ್ಯೂಬ್‌ಲೈಟಿನದ್ದಲ್ಲ! ಹಳೇ ಮೇಸ್ತ್ರಿಯ ಕಾಲ ಮುಗಿಯಿತು, ಹೊಸ ಮೇಸ್ತ್ರಿಗೆ ಹೊಂದುವ ಹಾಗೆ ಹರಾಜಿನ ಸಾಫ್ಟ್‌ವೇರ್ ಸರಿಮಾಡಿದ್ದೇವೆ, ಹಾಕಿಕೊಳ್ಳಿ ಅಂದರು. ಹಾಕುವಾಗ ಹರಾಜು ನಿಂತರೆ ತಾಯಿ ಮಗ ಮನೆಗೆ. ಹೊಂಬಾಳಮ್ಮ ಮಗನನ್ನು ಎದುರಿಗೆ ಕೂರಿಸಿಕೊಂಡಳು.

"ಕೇಳ್ಲಾ ಚೆನ್ನಾಗಿ. ಹೊಸದು ಕುಂತು ಕೆಲ್ಸ ಹಿಡಿಯೋಗಂಟ ಹಳೇದನ್ನ ಬಿಡಬ್ಯಾಡ. ಭದ್ರವಾಗಿ ಹಿಡ್ಕೊಂಡಿರು. ಹೊಸದು ಕೆಲ್ಸ ಹಿಡೀತು ಅಂತ ನೋಡ್ಕೊಂಡು ಆಮೇಲೆ ಹಳೇದನ್ನ ಎತ್ತಿ ಆಚೆ ಹಾಕು."

ಅವಳು ಸೆರಗು ಬಾಯಿಗಿಟ್ಟುಕೊಂಡು ಹಿಂದೆ ನಿಂತಳು. ಸಿದ್ದರಾಜ ಹೇಳಿದ ಹಾಗೇ ಮಾಡಿದ. ಹೊಸ ಡಬ್ಬಿ ಎದ್ದಿತು, ಕೂಗಿತು, ಆಮೇಲೆ ಹಳೇ ಡಬ್ಬಿ ಹೋಯಿತು. ಒಂದಾದ ಮೇಲೆ ಒಂದು. ಹೊರಗೆ ಹರಾಜು ನಡೆಯುತ್ತಲೇ ಇತ್ತು, ಒಬ್ಬರಿಗೂ ಗೊತ್ತಾಗಲಿಲ್ಲ! ತಾಯಿ ಮಗನ ಕೆನ್ನೆ ಹಿಡಿದು ಕುಣಿದುಬಿಟ್ಟಳು. ಕುಣಿಯುವ ಭರದಲ್ಲಿ ಬಾಯಿ ಜಾರಿತು.

"ನನ್ನಪ್ಪ! ಇನ್ಮೇಲೆ ಎಲ್ಲಾ ಕಡೆ ಹಿಂಗೇ ಮಾಡು!"

"ಆಗ್ಲಿ ಕಣವ್ವ."

ಮಾರನೇ ವಾರ ಮರಿಲಿಂಗೇಗೌಡರ ಅವಧಿ ಮುಗಿದು ಜವರಪ್ಪನವರು ಹೊಸ ಅಧ್ಯಕ್ಷರಾದರು. ಕುರ್ಚಿ ಬಿಟ್ಟುಕೊಡುವ ಸಮಾರಂಭ. ಮರಿಲಿಂಗೇಗೌಡರು ಏಳಲು ಹೋದರು. ಸಿದ್ದರಾಜ ಓಡಿಬಂದು ಭುಜ ಅದುಮಿ ಕೂರಿಸಿದ!

"ಹೊಸೋರು ಕುಂತಿಲ್ಲ ಸ್ವಾಮಿ, ನೀವು ಏಳೋಹಂಗಿಲ್ಲ!"

"ಬಿಡೋ ಕತ್ತೆ! ನಾನು ಏಳದೆ ಅವರೆಲ್ಲಿ ಕೂರ್ತಾರೋ?"

"ಇಲ್ಲೇ!" ಅಂತ ಜವರಪ್ಪನವರನ್ನು ಎಳೆದು ಅವರ ತೊಡೆಯ ಮೇಲೇ ಕೂರಿಸಿದ. ಇಬ್ಬರೂ ದಢೂತಿ ಆಳು. ಕುರ್ಚಿ ಕಿರುಗುಟ್ಟಿತು.

"ಬಿಡೋ ನಮ್ಮಪ್ಪ!" ಅಂತ ತಾಯಿ ಚೀರಿದಳು.

"ತಾಳವ್ವ! ಹೊಸದು ಇನ್ನೂ ಕೆಲ್ಸ ಹಿಡಿದಿಲ್ಲ!"

ಅಡಿಯಿಂದ ಮರಿಲಿಂಗೇಗೌಡರು ಕಿರುಚಿದರು: "ತಾಯಿ ಮಗ ಇಬ್ಬರನ್ನೂ ಕೆಲಸದಿಂದ ತೆಗೆದಿದ್ದೀನಿ! ಈಗ್ಲೇ! ಇದೇ ನನ್ನ ಕೊನೇ ಆರ್ಡರ್ರು!"

ಹೊಂಬಾಳಮ್ಮ ಹಣೆ ಚಚ್ಚಿಕೊಂಡಳು. ಸಿದ್ದರಾಜನಿಗೆ ಅದು ಕೇಳಿಸಲೇ ಇಲ್ಲ. ಅವನ ಕಣ್ಣೆಲ್ಲ ಮೇಲೆ ಕೂತವರ ಮೇಲೆ.

"ಕೆಲ್ಸ ಹಿಡಿದ್ರಾ ಸ್ವಾಮಿ? ಏನಾರ ಕೆಲ್ಸ ಮಾಡಿ ತೋರ್ಸಿ, ಬಿಟ್ಬುಡ್ತೀನಿ!"

"ಆಯ್ತು ಮಾರಾಯ!" ಜವರಪ್ಪನವರು ಏದುಸಿರಲ್ಲಿ ಕೂಗಿದರು. "ಆ ಆರ್ಡರ್ ರದ್ದು! ಇಬ್ರೂ ಕೆಲಸದಲ್ಲೇ ಇರಿ! ಸಾಕಾ?"

"ಹಿಡೀತು! ಕೆಲ್ಸ ಹಿಡೀತು!"

ಸಿದ್ದರಾಜ ಅಡಿಗೆ ಕೈಹಾಕಿ ಮರಿಲಿಂಗೇಗೌಡರನ್ನು ಅನಾಮತ್ತಾಗಿ ಎತ್ತಿದ, ಹೆಗಲಿಗೆ ಹಾಕಿಕೊಂಡ, ಸಭೆಯ ನಡುವೆ ನಡೆದ, ಗೇಟಿನಿಂದ ಆಚೆ ಇಟ್ಟ. ಕೈ ಕೊಡವಿಕೊಂಡು ವಾಪಸ್ಸು ಬಂದ. ಹೊಂಬಾಳಮ್ಮ ಬೈಯಲು ಬಾಯಿ ತೆರೆದಳು, ಅಳುವೂ ನಗುವೂ ಒಟ್ಟಿಗೇ ಬಂದವು.

"ನೋಡವ್ವ," ಅಂದ ಮಗ, "ಒಂದ್ ಗಳಿಗೆನೂ ಕುರ್ಚಿ ಖಾಲಿ ಬೀಳ್ಲಿಲ್ಲ!"