ಮರಿಸ್ವಾಮಿ ಬೈಕು ಬಿಚ್ಚಿದ್ದು

ನಗುವವರು ಕಡೆಯವರೆಗೆ ತಡೆದುಕೊಳ್ಳಬೇಕು. ನಡುವೆ ನಕ್ಕರೆ ಕತೆ ಅಲ್ಲಿಗೇ ನಿಲ್ಲುತ್ತದೆ. ಒಪ್ಪಿಗೆಯಿದ್ದರೆ ಕೇಳಿ.

ಹೇಮಾವತಿ ಹೊಳೆಯ ಸೇತುವೆಯಿಂದ ಈಚೆಗೆ ಒಂದು ಊರು. ಆ ಊರಿನಲ್ಲಿ ದೇವೀರಮ್ಮ ಎಂಬ ವಿಧವೆ. ಅವಳಿಗೆ ಒಬ್ಬನೇ ಮಗ, ಹೆಸರು ಮರಿಸ್ವಾಮಿ. ಅವನಿಗೆ ಪ್ರಾಯ ಬಂದಿತ್ತು, ಬುದ್ಧಿ ಬಂದಿರಲಿಲ್ಲ. ಸುಳ್ಳು ಹೇಳುವವನಲ್ಲ, ಸೋಮಾರಿಯೂ ಅಲ್ಲ. ಹೇಳಿದ ಮಾತನ್ನು ಮೀರುತ್ತಿರಲಿಲ್ಲ. ಅದೇ ಅವನ ದೋಷ. ನಿನ್ನೆ ಹೇಳಿದ್ದನ್ನು ಇಂದು ಮಾಡುವನು, ಇಂದು ಹೇಳಿದ್ದನ್ನು ನಾಳೆ ಮಾಡುವನು. ತಾಯಿ ಹಣೆ ಚಚ್ಚಿಕೊಳ್ಳುವಳು. ಹಣೆ ಚಚ್ಚಿಕೊಂಡ ಮೇಲೆ ಹೊಸ ಬುದ್ಧಿ ಹೇಳುವಳು. ಹೀಗೆ ಅವರ ಸಂಸಾರ ನಡೆಯುತ್ತಿತ್ತು.

ಗಂಡ ಹೊನ್ನಪ್ಪ ದನದ ಆಸ್ಪತ್ರೆಯ ಕಾಂಪೌಂಡರ್ ಆಗಿದ್ದವನು. ಹಳ್ಳಿಯಿಂದ ಹಳ್ಳಿಗೆ ಒಂದು ಬೈಕಿನಲ್ಲಿ ತಿರುಗುತ್ತಿದ್ದ. ಅವನ ಕೈಗೆ ಬರುವಾಗಲೇ ಅದು ಹಳೆಯ ಗಾಡಿ. ಅವನ ಕೈಯಲ್ಲಿ ಇನ್ನಷ್ಟು ಹಳೆಯದಾಯಿತು. ಸಂಜೆ ಅದು ಸೇತುವೆ ಹತ್ತಿದರೆ ಅದರ ಸದ್ದು ದೇವೀರಮ್ಮನ ಅಡಿಗೆಮನೆಗೆ ಕೇಳುತ್ತಿತ್ತು. ಸದ್ದು ಕೇಳಿದ ಕೂಡಲೇ ಅವಳು ತಟ್ಟೆ ಇಡುವಳು, ಲೋಟಕ್ಕೆ ನೀರು ತುಂಬುವಳು, ಹಿತ್ತಲಿಗೆ ಹೋಗಿ ಮುಖ ತೊಳೆದು ಬರುವಳು. ಅಷ್ಟರಲ್ಲಿ ಗಾಡಿ ಬಾಗಿಲಿಗೆ ಬಂದಿರುತ್ತಿತ್ತು.

ಹೊನ್ನಪ್ಪ ಸತ್ತ ಮೇಲೆ ಬೈಕು ಹಿತ್ತಲಿನ ತಗಡಿನ ಕೆಳಗೆ ಉಳಿಯಿತು. ಸೀಟಿನಲ್ಲಿ ಕೋಳಿ ಮೊಟ್ಟೆಯಿಟ್ಟಿತು, ಚಕ್ರದ ಕಡ್ಡಿಗಳಿಗೆ ತೊಂಡೆಬಳ್ಳಿ ಹಬ್ಬಿತು. ಮನೆಗೆ ಯಾರೂ ಬರುತ್ತಿರಲಿಲ್ಲ. ಹಿಂದೆ ಬರುತ್ತಿದ್ದವರೆಲ್ಲ ದನಕ್ಕೆ ಕಾಯಿಲೆಯೆಂದು ಬರುತ್ತಿದ್ದವರು. ದನಗಳಿಗೆ ಈಗಲೂ ಕಾಯಿಲೆಯಾಗುತ್ತಿತ್ತು, ಕಾಂಪೌಂಡರ್ ಬೇರೆಯವನಿದ್ದ.

ಸಂಜೆಯ ಆ ಹೊತ್ತಿಗೆ ದೇವೀರಮ್ಮ ಒಲೆಯ ಮುಂದೆ ಕೈ ಕಟ್ಟಿ ನಿಲ್ಲುವಳು. ಒಂದು ದಿನ ಮಗ ಕೇಳಿದ, ಯಾಕವ್ವ ಸುಮ್ಮನೆ ನಿಂತೆ ಎಂದು.

"ಸದ್ದಿಲ್ಲ ಕಣೋ" ಎಂದಳು.

ಮರಿಸ್ವಾಮಿಗೆ ಅರ್ಥವಾಯಿತು. ಅಪ್ಪ ಇಲ್ಲದ್ದು ಅವನಿಂದ ರಿಪೇರಿಯಾಗದ ಸಂಗತಿ. ಸದ್ದು ಇಲ್ಲದ್ದು ರಿಪೇರಿಯಾಗುವ ಸಂಗತಿ. ಬೈಕನ್ನು ತಾನೇ ಸರಿಮಾಡುತ್ತೇನೆ ಎಂದ. ದೇವೀರಮ್ಮ ಗುಜರಿಯವನಿಗೆ ಆಗಲೇ ಮಾತು ಕೊಟ್ಟಿದ್ದಳು. ದಿನವೂ ಆ ಅಸ್ಥಿಪಂಜರವನ್ನು ನೋಡುತ್ತ ಬಟ್ಟೆ ಒಗೆಯುವುದು ಅವಳಿಂದಾಗದು. ಆದರೂ ಮಗನ ಮುಖ ನೋಡಿ ಒಂದು ಗಡುವು ಕೊಟ್ಟಳು. ಕಾರ್ತಿಕ ಕಳೆಯುವುದರೊಳಗೆ ಅದು ಸದ್ದು ಮಾಡಿದರೆ ಮನೆಯಲ್ಲಿರಲಿ, ಮಾಡದಿದ್ದರೆ ಗುಜರಿಗೆ ಹೋಗಲಿ.

ಸೇತುವೆಯ ಆಚೆ ಮಕ್ಬೂಲ್ ಸಾಬರ ಗ್ಯಾರೇಜು. ಹೊನ್ನಪ್ಪನ ಗಾಡಿಯನ್ನು ಬಲ್ಲವರು ಅವರೊಬ್ಬರೇ. ಮರಿಸ್ವಾಮಿ ಹೋಗಿ ಕೇಳಿದ. ಮೊದಲು ಪೂರ್ತಿ ಬಿಚ್ಚಬೇಕು, ಒಂದು ಸ್ಕ್ರೂ ಕೂಡ ಬಿಗಿಯಾಗಿ ಉಳಿಯಬಾರದು ಎಂದು ಸಾಬರು ಹೇಳಿದರು. ನಟ್ಟು ಬಿಚ್ಚುವ ತಮ್ಮ ಹಳೆಯ ಪಾನಾಗಳನ್ನೂ ಕೊಟ್ಟರು.

ಮರಿಸ್ವಾಮಿ ಬಿಚ್ಚಿದ. ಚಕ್ರ ಬಿಚ್ಚಿದ, ಟ್ಯಾಂಕು ಬಿಚ್ಚಿದ, ಇಂಜಿನ್ನು ಬಿಚ್ಚಿದ. ಬೈಕಿನಲ್ಲಿ ಸ್ಕ್ರೂ ಮುಗಿಯಿತು, ಸಾಬರ ಮಾತು ಮುಗಿದಿರಲಿಲ್ಲ. ಸುತ್ತ ನೋಡಿದ. ಬಾಗಿಲಿನ ಕೀಲುಗಳಲ್ಲಿ ಸ್ಕ್ರೂಗಳಿದ್ದವು. ಬೀರುವಿನಲ್ಲಿದ್ದವು. ದೇವೀರಮ್ಮ ರೇಷನ್ ತರಲು ಹೋದವಳು ಹಿಂದಿರುಗಿ ಬಂದಾಗ ಮುಂಬಾಗಿಲು ಅಂಗಳದಲ್ಲಿ ಮಲಗಿತ್ತು. ಬೀರುವಿನ ಬಾಗಿಲು ಅದರ ಪಕ್ಕದಲ್ಲಿ ಮಲಗಿತ್ತು. ಬೀದಿಯ ನಾಯಿ ನಡುಮನೆಯಲ್ಲಿ ನಿದ್ದೆ ಮಾಡುತ್ತಿತ್ತು.

ಅವಳು ಬೈದಳು. ನಾಯಿಗೂ ಮಗನಿಗೂ ಸಮನಾಗಿ ಬೈದಳು. ಆ ಮೇಲೆ ಬುದ್ಧಿ ಹೇಳಿದಳು: ಕಂಡದ್ದನ್ನೆಲ್ಲ ಬಿಚ್ಚಬಾರದು, ಜಿಡ್ಡು ಹಿಡಿದದ್ದು, ಕಪ್ಪಾದದ್ದು ಏನೇ ಇರಲಿ, ಸುಮ್ಮನೆ ಸೀಮೆಎಣ್ಣೆಯಲ್ಲಿ ನೆನೆಹಾಕು, ನಿನ್ನಪ್ಪ ಹಾಗೆಯೇ ಮಾಡುತ್ತಿದ್ದರು.

ಸರಿ ಅವ್ವ, ಎಂದ ಮರಿಸ್ವಾಮಿ.

ಪಿತೃಪಕ್ಷ ಬಂತು. ಹೊನ್ನಪ್ಪನಿಗೆ ಎಡೆ ಇಡಬೇಕು, ವಡೆ ಕರಿಯಬೇಕು. ಅಟ್ಟದಿಂದ ದೊಡ್ಡ ಬಾಣಲೆ ಇಳಿಸೆಂದು ಹಿಂದಿನ ದಿನವೇ ಮಗನಿಗೆ ಹೇಳಿದಳು. ಮರಿಸ್ವಾಮಿ ಇಳಿಸಿದ. ಬಾಣಲೆ ಜಿಡ್ಡು ಹಿಡಿದಿತ್ತು, ಕಪ್ಪಾಗಿತ್ತು. ಸೀಮೆಎಣ್ಣೆಯಲ್ಲಿ ನೆನೆಹಾಕಿದ, ಬೆಳಿಗ್ಗೆ ಒರೆಸಿ ಒಲೆಯ ಪಕ್ಕದಲ್ಲಿಟ್ಟ. ದೇವೀರಮ್ಮನಿಗೆ ಅಂದು ನೆಗಡಿ. ಅವಳು ಕರಿದಳು, ಎಡೆಯಿಟ್ಟಳು, ಮಾಡಿನ ಮೇಲೆ ಕಾಗೆಗೂ ಇಟ್ಟಳು. ಕಾಗೆ ಬಂತು. ವಡೆಯನ್ನು ನೋಡಿತು. ದೇವೀರಮ್ಮನನ್ನು ನೋಡಿತು. ಹಾರಿಹೋಯಿತು. ಬೇರೆ ಕಾಗೆಗಳನ್ನು ಅವಳು ಸಂಜೆಯವರೆಗೆ ಕರೆದಳು. ಒಂದೂ ಬರಲಿಲ್ಲ.

ಗಂಡನಿಗೆ ತನ್ನ ಮೇಲೆ ಏನು ಕೋಪವೋ ಎಂದು ಕಣ್ಣೊರೆಸುತ್ತ ಒಂದು ವಡೆಯನ್ನು ಬಾಯಿಗಿಟ್ಟಳು. ಆಗ ತಿಳಿಯಿತು.

"ಸತ್ತೋರಿಗೂ ಉಣ್ಣಕ್ಕೆ ಬಿಡಲ್ವಲ್ಲೋ ನೀನು!"

ಮಗನ ಬೆನ್ನಿಗೆ ಸೌಟಿನಿಂದ ಒಂದು ಬಿತ್ತು. ಆ ಮೇಲೆ ಬುದ್ಧಿ ಬಂತು: ಸೀಮೆಎಣ್ಣೆ ಮುಟ್ಟಿದ್ದನ್ನೆಲ್ಲ ಬಿಸಿನೀರಿನಲ್ಲಿ ಅದ್ದಿ, ಸೀಗೆಪುಡಿ ಹಾಕಿ, ತೆಂಗಿನ ನಾರಿನಿಂದ ತಿಕ್ಕಿ ತೊಳೆಯಬೇಕು.

ಸರಿ ಅವ್ವ, ಎಂದ ಮರಿಸ್ವಾಮಿ. ಸೀಮೆಎಣ್ಣೆ ಮುಟ್ಟಿದ್ದ ವಸ್ತುಗಳು ಹಿತ್ತಲಿನ ತುಂಬ ಇದ್ದವು. ಸಂಜೆಯ ಹೊತ್ತಿಗೆ ಅವೆಲ್ಲ ಮದುವೆಮನೆಯ ಪಾತ್ರೆಗಳ ಹಾಗೆ ಹೊಳೆಯುತ್ತಿದ್ದವು. ಅವುಗಳ ನಡುವೆ ಕಿಡಿ ಹುಟ್ಟಿಸುವ ಕಾಯಿಲೂ ಇತ್ತು. ಅದನ್ನು ಎಲ್ಲಕ್ಕಿಂತ ಚೆನ್ನಾಗಿ ತಿಕ್ಕಿದ್ದ. ಗ್ಯಾರೇಜಿನಲ್ಲಿ ಮಕ್ಬೂಲ್ ಸಾಬರು ಅದನ್ನು ತಿರುಗಿಸಿ ತಿರುಗಿಸಿ ನೋಡಿದರು. ಕಾಯಿಲು ಸತ್ತಿತ್ತು, ಸೀಗೆಯ ವಾಸನೆ ಬರುತ್ತಿತ್ತು. ಅವರು ಹಳೆಯ ಸಾಮಾನುಗಳ ರಾಶಿಯಲ್ಲಿ ಹುಡುಕಿ ಇನ್ನೊಂದನ್ನು ಕೊಟ್ಟರು. ಇಂಥ ಸೂಕ್ಷ್ಮದ ವಸ್ತುವಿಗೆ ತಂಪು ತಾಗಬಾರದು, ಬಟ್ಟೆಯಲ್ಲಿ ಸುತ್ತಿ ಒಲೆಯ ಪಕ್ಕ ಬೆಚ್ಚಗಿಡಬೇಕು ಎಂದರು.

ಮರಿಸ್ವಾಮಿ ಕಾಯಿಲನ್ನು ಹಾಗೆಯೇ ಇಟ್ಟ. ಅದಕ್ಕೆ ಒಳ್ಳೆಯದೇ ಆಯಿತು.

ಒಂದು ವಿಚಿತ್ರವನ್ನು ಇಲ್ಲಿ ಹೇಳಬೇಕು. ಬೇರೆಲ್ಲವೂ ಕೆಡುವ ಆ ಕೈಯಲ್ಲಿ ಇಂಜಿನ್ನು ಮಾತ್ರ ಕೂಡುತ್ತ ಬಂತು. ಇದು ಇಲ್ಲಿ, ಅದು ಅಲ್ಲಿ, ಇಷ್ಟೇ ಬಿಗಿ, ಇನ್ನು ಮುಟ್ಟಬೇಡ ಎಂದು ಸಾಬರು ಹೇಳುವರು. ಮರಿಸ್ವಾಮಿ ಅಷ್ಟೇ ಮಾಡುವನು. ಯಂತ್ರಕ್ಕೆ ಬೇಕಾದದ್ದು ಅದೇ. ಮನುಷ್ಯರಿಗೆ ಬೇಕಾದದ್ದು ಬೇರೆ. ಅದನ್ನು ಅವನಿಗೆ ಯಾರೂ ಬಾಯಿಬಿಟ್ಟು ಹೇಳಿರಲಿಲ್ಲ.

ದಿನವೆಲ್ಲ ಹಿತ್ತಲಿನಲ್ಲಿ ಒಬ್ಬನೇ ಕೂತು ಕಬ್ಬಿಣದೊಡನೆ ಮಾತಾಡುತ್ತಿದ್ದ. ಒಳಗೆ ದೇವೀರಮ್ಮ ಒಬ್ಬಳೇ ಕೂತು ಅಕ್ಕಿಯೊಡನೆ ಮಾತಾಡುತ್ತಿದ್ದಳು.

ದೀಪಾವಳಿಗೆ ಮುಂಚೆ ಸಾಬರು ಒಂದು ಡಬ್ಬ ಪೆಟ್ರೋಲ್ ಕೊಟ್ಟು ಕಳಿಸಿದರು. ಇದು ಬಹಳ ಸೂಕ್ಷ್ಮದ್ದು, ಜೋಪಾನ ಎಂದರು. ಸೂಕ್ಷ್ಮದ್ದನ್ನು ಎಲ್ಲಿಡಬೇಕೆಂದು ಮರಿಸ್ವಾಮಿಗೆ ಗೊತ್ತಿತ್ತು. ದೇವೀರಮ್ಮ ಮುದ್ದೆ ತೊಳಸುತ್ತಿದ್ದಾಗ ಒಲೆಯ ಪಕ್ಕದಲ್ಲಿ ತನ್ನ ಹಳೆಯ ಸೀರೆ ಸುತ್ತಿಕೊಂಡು ಏನೋ ಕೂತಿರುವುದು ಕಂಡಿತು. ಮೂಸಿ ನೋಡಿದಳು. ಆ ವಯಸ್ಸಿನಲ್ಲಿ ಅವಳು ಅಷ್ಟು ವೇಗವಾಗಿ ಓಡಿದ್ದನ್ನು ನೆರೆಯವರು ನೋಡಿರಲಿಲ್ಲ. ಡಬ್ಬವನ್ನು ಬೇಲಿಯ ಆಚೆಗಿಟ್ಟು ಬಂದು ಬುದ್ಧಿ ಹೇಳಿದಳು: ಹೊರಗಿನಿಂದ ಬಂದದ್ದನ್ನು ನನ್ನನ್ನು ಕೇಳದೆ ಒಳಗೆ ತರಬೇಡ. ಬೇಲಿಯ ಆಚೆಗಿಡು. ಯಾರೂ ಹತ್ತಿರ ಸುಳಿಯದ ಹಾಗೆ ಕಾವಲು ಕೂತಿರು.

ಸರಿ ಅವ್ವ, ಎಂದ ಮರಿಸ್ವಾಮಿ.

ದೀಪಾವಳಿಯ ದಿನ ದೇವೀರಮ್ಮ ಹಿಟ್ಟಿನ ಗಿರಣಿಗೆ ಹೋಗಿದ್ದಳು. ಅಂದು ಬಸ್ಸಿನಿಂದ ಒಬ್ಬಳು ಇಳಿದಳು. ಹೊನ್ನಪ್ಪನ ತಂಗಿ, ಪುಟ್ಟಗೌರಿ. ಅಣ್ಣ ಸತ್ತ ಮೇಲೆ ತವರಿನ ದಾರಿ ಮರೆತಿದ್ದವಳು, ಅತ್ತಿಗೆಯನ್ನು ನೋಡಬೇಕೆನಿಸಿ ಕಜ್ಜಾಯದ ಗಂಟು ಹಿಡಿದು ಬಂದಿದ್ದಳು. ಮರಿಸ್ವಾಮಿ ಅವಳನ್ನು ಬೇಲಿಯ ಆಚೆ ಕಲ್ಲಿನ ಮೇಲೆ ಕೂರಿಸಿದ. ಪಕ್ಕದ ಮನೆಯವಳು ನೀರು ತಂದಳು. ಹತ್ತಿರ ಬರಬಾರದೆಂದು ಅವಳನ್ನು ಹಿಂದಕ್ಕೆ ಕಳಿಸಿದ. ಬಿಸಿಲು ಏರಿತು. ಅವನು ಕಾವಲು ಕೂತ.

"ನಿಮ್ಮಪ್ಪ ಇದ್ದಿದ್ರೆ ನನ್ನ ಬೇಲಿ ಆಚೆ ಕೂರಿಸ್ತಿದ್ನೇನೋ, ಮರಿ?" ಎಂದಳು ಪುಟ್ಟಗೌರಿ.

"ಅಪ್ಪ ಇಲ್ವಲ್ಲ ಅತ್ತೆ. ಅದಕ್ಕೇ ಬೈಕು ಮಾಡ್ತಾ ಇದೀನಿ."

ಮಧ್ಯಾಹ್ನದ ಬಸ್ಸು ಬಂತು. ಪುಟ್ಟಗೌರಿ ಗಂಟನ್ನು ಕಲ್ಲಿನ ಮೇಲೆ ಬಿಟ್ಟು ಬಸ್ಸು ಹತ್ತಿದಳು. ಗಿರಣಿಯಿಂದ ಬಂದ ದೇವೀರಮ್ಮನಿಗೆ ಕಂಡದ್ದು ಗಂಟು, ಇರುವೆಗಳು ಮತ್ತು ಕಾವಲುಗಾರ.

ಅಂದು ಅವಳು ಬೈಯಲಿಲ್ಲ. ಗಂಟನ್ನು ಮಡಿಲಲ್ಲಿಟ್ಟುಕೊಂಡು ಹೊಸ್ತಿಲ ಮೇಲೆ ಕೂತಳು. ಇರುವೆಗಳನ್ನು ಒಂದೊಂದಾಗಿ ಬಿಡಿಸಿದ ಮೇಲೆ ಹೇಳಿದಳು:

"ಬಾಗಿಲಿಗೆ ಬಂದೋರನ್ನ ಹೊರಗೆ ನಿಲ್ಲಿಸಬಾರ್ದು ಮಗ. ಒಳಕ್ಕೆ ಕರ್ಕೊಂಡು ಬಾ. ಚಾಪೆ ಹಾಸು. ಬೆಲ್ಲ ನೀರು ಕೊಡು. ಊಟಕ್ಕೆ ಕೂರಿಸು. ಉಣ್ಣದೆ ಯಾರನ್ನೂ ಕಳಿಸಬೇಡ. ಇಷ್ಟು ನೆನಪಿಟ್ಕೊ, ಬೇರೇದೆಲ್ಲ ಮರೆತುಬಿಡು."

ಮರಿಸ್ವಾಮಿ ಇಷ್ಟನ್ನು ನೆನಪಿಟ್ಟುಕೊಂಡ. ಬೇರೆಯದನ್ನೆಲ್ಲ ಮರೆತ.

ಕಾರ್ತಿಕ ಮುಗಿಯುತ್ತ ಬಂತು. ಬೈಕು ಒಯ್ಯಲು ನಾಳೆ ಗಾಡಿ ತರುತ್ತೇನೆಂದು ಗುಜರಿಯವನು ಹೇಳಿಕಳಿಸಿದ. ಮರಿಸ್ವಾಮಿ ಜೋಡಿಸಿದ ಬೈಕನ್ನು ತಳ್ಳಿಕೊಂಡು ಸೇತುವೆ ದಾಟಿ ಗ್ಯಾರೇಜಿಗೆ ಹೋದ. ಸಾಬರು ಅಲ್ಲಿ ಮುಟ್ಟಿದರು, ಇಲ್ಲಿ ತಿರುಗಿಸಿದರು, ಕಿಕ್ಕರ್ ಒದೆಯೆಂದರು. ಒದೆದ. ಮತ್ತೆ ಒದೆದ. ಹೊತ್ತು ಮುಳುಗುವಾಗ ಅದು ಕೆಮ್ಮಿತು, ಹೊಗೆ ಉಗುಳಿತು, ಕೂಗಿತು. ಸಾಬರು ಟೋಪಿ ತೆಗೆದು ಮತ್ತೆ ಹಾಕಿಕೊಂಡರು. ಒಂದನೇ ಗೇರಿನಲ್ಲೇ ಹೋಗು, ಮನೆ ಸೇರುವವರೆಗೆ ಇಂಜಿನ್ ನಿಲ್ಲಿಸಬೇಡ ಎಂದರು.

ಒಂದನೇ ಗೇರಿನಲ್ಲಿ, ಎತ್ತಿನಗಾಡಿಗಳ ಹಿಂದೆ, ಊರೆಲ್ಲ ನಡುಗುವ ಸದ್ದು ಮಾಡುತ್ತ, ಹೊನ್ನಪ್ಪನ ಬೈಕು ಸೇತುವೆ ಹತ್ತಿತು.

ಅಡಿಗೆಮನೆಯಲ್ಲಿ ದೇವೀರಮ್ಮನಿಗೆ ಸದ್ದು ಕೇಳಿತು. ಅವಳು ಏನನ್ನೂ ಯೋಚಿಸಲಿಲ್ಲ. ನಡುಮನೆಗೆ ಬಂದು ತಟ್ಟೆ ಇಟ್ಟಳು. ಲೋಟಕ್ಕೆ ನೀರು ತುಂಬಿದಳು. ಹಿತ್ತಲಿಗೆ ಹೋಗಿ ಮುಖ ತೊಳೆದಳು. ಸೆರಗಿನಿಂದ ಒರೆಸಿಕೊಂಡು, ಕುಂಕುಮಕ್ಕೆಂದು ಗೋಡೆಯ ಗೂಡಿನೊಳಗೆ ಕೈ ಹಾಕಿದಳು. ಭರಣಿ ಅಲ್ಲಿರಲಿಲ್ಲ.

ಆಗ ಅವಳಿಗೆ ಎಚ್ಚರವಾಯಿತು. ಕೈಯನ್ನು ಗೂಡಿನಲ್ಲೇ ಇಟ್ಟುಕೊಂಡು ನಿಂತಳು. ಸದ್ದು ಬಾಗಿಲಿಗೆ ಬಂತು. ಆ ಮೇಲೆ, ಎಂದೂ ಇಲ್ಲದ ಹಾಗೆ, ಹೊಸ್ತಿಲು ದಾಟಿ ಒಳಗೇ ಬಂತು. ಅಲ್ಲೇ ಬಹಳ ಹೊತ್ತು ಗುಡುಗಿ, ಮತ್ತೆ ಒಮ್ಮೆ ಕೆಮ್ಮಿ, ನಿಂತುಹೋಯಿತು.

ಅವಳು ನಡುಮನೆಗೆ ಬಂದಾಗ ಮನೆಯೆಲ್ಲ ಹೊಗೆ. ಹೊಗೆಯ ನಡುವೆ ಹೊಸ ಚಾಪೆ. ಚಾಪೆಯ ಮೇಲೆ ಬೈಕು. ಬೈಕಿನ ಮುಂದೆ ತಟ್ಟೆ. ಟ್ಯಾಂಕಿನ ಮುಚ್ಚಳ ತೆಗೆದಿತ್ತು. ಪಕ್ಕದಲ್ಲಿ ಮರಿಸ್ವಾಮಿ ಖಾಲಿ ಚೊಂಬು ಹಿಡಿದು ನಿಂತಿದ್ದ. ಅವನ ಬೆರಳುಗಳಿಗೆ ಬೆಲ್ಲ ಅಂಟಿತ್ತು.

"ಬಾಗಿಲಿಗೆ ಬಂತು ಕಣವ್ವ, ಒಳಕ್ಕೆ ಕರ್ಕೊಂಡೆ" ಎಂದ. "ಬೆಲ್ಲ ನೀರು ಕೊಟ್ಟೆ. ಊಟಕ್ಕೆ ತಟ್ಟೆ ನೀನೇ ಇಟ್ಟಿದ್ದೆ."

ದೇವೀರಮ್ಮ ಬೈಯಲು ಬಾಯಿ ತೆರೆದಳು. ತಟ್ಟೆಯನ್ನು ನೋಡಿದಳು, ಇಟ್ಟದ್ದು ಅವಳದೇ ಕೈ. ಹೇಳಲು ಒಂದು ಬುದ್ಧಿಮಾತು ಹುಡುಕಿದಳು, ಸಿಗಲಿಲ್ಲ. ಬಾಯಿ ಮುಚ್ಚಿ, ಒಳಗೆ ಹೋಗಿ ಇನ್ನೆರಡು ತಟ್ಟೆ ತಂದು ಚಾಪೆಯ ಆ ಕಡೆಗೊಂದು, ಈ ಕಡೆಗೊಂದು ಇಟ್ಟಳು. ಮೂರಕ್ಕೂ ಬಡಿಸಿದಳು. ಇಬ್ಬರು ಉಂಡರು.

ಮರುದಿನ ಗುಜರಿಯವನು ಬಂದ. ಸದ್ದು ಕೇಳಿದ್ದನ್ನು ಊರವರೆಲ್ಲ ಹೇಳಿದರಂತೆ; ಹಾಗಾದರೆ ಒಮ್ಮೆ ಸದ್ದು ಮಾಡಿಸಿ ತೋರಿಸಿ ಎಂದ. ಮರಿಸ್ವಾಮಿ ಕಿಕ್ಕರ್ ಒದೆದ. ಒದೆದಷ್ಟೂ ಒಳಗೆ ಪಾನಕ ಕುಲುಕುವ ಸದ್ದಾಯಿತೇ ಹೊರತು ಬೇರೇನೂ ಆಗಲಿಲ್ಲ. ಗುಜರಿಯವನು ನಕ್ಕು ಹಗ್ಗ ಬಿಚ್ಚಿದ. ಮರಿಸ್ವಾಮಿ ಬಾಗಿಲಿಗೆ ಅಡ್ಡ ನಿಂತ.

"ಹಂಗೆಲ್ಲ ಕಳಿಸಕ್ಕಾಗಲ್ಲ. ಅದಿನ್ನೂ ಉಂಡಿಲ್ಲ."

ಗುಜರಿಯವನು ತಲೆ ಕೆರೆದುಕೊಂಡ. ಪೆದ್ದನೊಡನೆ ಮಾತೇಕೆಂದು ಅಡಿಗೆಮನೆಯ ಕಡೆ ತಿರುಗಿ, ಏನಮ್ಮ ಇದು, ನೀವಾದರೂ ಹೇಳಿ ಎಂದ.

ಅವಳು ಸೌಟು ಹಿಡಿದೇ ಅಡಿಗೆಮನೆಯ ಬಾಗಿಲಿಗೆ ಬಂದಳು.

"ಹೌದಪ್ಪ" ಎಂದಳು ದೇವೀರಮ್ಮ. "ಇನ್ನೂ ಉಂಡಿಲ್ಲ."

ಬೈಕು ಈಗಲೂ ಆ ನಡುಮನೆಯಲ್ಲೇ ಇದೆ. ಸಂಜೆಯ ಹೊತ್ತಿಗೆ ಅದರ ಮುಂದೆ ತಟ್ಟೆ ಬೀಳುತ್ತದೆ. ಅದರ ಊಟ ಇಂದಿಗೂ ಮುಗಿದಿಲ್ಲ. ನಗುವವರು ಈಗ ನಗಬಹುದು.